ಹೊದಿಸಿಟ್ಟ ಮಣ್ಣು

ಗರಸಣ್ಣನ ಹತ್ತಿರ ಒಂದು ಮಣ್ಣಿನ ಗುಡ್ಡೆಯಿತ್ತು. ಹತ್ತೊಂಬತ್ತು ವರ್ಷ ಅವನು ಅದನ್ನು ಹಸುಗೂಸಿನ ಹಾಗೆ ಹೊದಿಸಿ ಕಾಪಾಡಿದ.

ಊರಿನ ಅಂಚಿನಲ್ಲಿ, ಡಾಂಬರು ಮುಗಿದು ಟಿಪ್ಪರು ಚಕ್ರದ ಗುರುತು ಶುರುವಾಗುವ ಕಡೆ ಅವನ ಗರಸಿನ ಗುಂಡಿ, ರಸ್ತೆಗೆ ಹಾಕುವ ಸಣ್ಣ ಕಲ್ಲು ತೆಗೆಯುವ ಜಾಗ. ಎರಡು ಎಕರೆ ಅಗಲ, ಇಪ್ಪತ್ತು ಅಡಿ ಆಳ. ದೊಡ್ಡ ಗುಂಡಿಗಳವರು ಅದನ್ನು ನೋಡಿ ತಟ್ಟೆಯಷ್ಟಿದೆ ಎಂದು ನಗುತ್ತಿದ್ದರು. ಒಂದು ಹಳೇ ಲೋಡರು, ಗಡಗಡ ನಡುಗುವ ಒಂದು ಜರಡಿ, ತಗಡಿನ ಒಂದು ಶೆಡ್ಡು. ಇಷ್ಟರಲ್ಲೇ ಅವನು ಮಗನನ್ನು ಓದಿಸಿದ್ದ, ಹೆಂಡತಿಯ ಕಾಯಿಲೆಗೆ ಓಡಾಡಿದ್ದ, ಅವಳನ್ನು ಕಳಕೊಂಡೂ ಇದ್ದ. ತಾಯಿ ಇಟ್ಟ ಹೆಸರು ಕಚೇರಿಯ ಕಾಗದಗಳಲ್ಲಿ ಮಾತ್ರ ಉಳಿದಿತ್ತು. ರಸ್ತೆ ಕೆಲಸದವರಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಅವನು ಗರಸಣ್ಣನೇ.

ಗುಂಡಿಯ ಪಕ್ಕದಲ್ಲಿ, ಗಾಳಿಗೆ ಬೆನ್ನು ಮಾಡಿ, ಎರಡಾಳು ಎತ್ತರಕ್ಕೂ ಮಿಗಿಲಾಗಿ ಆ ಗುಡ್ಡೆ ನಿಂತಿತ್ತು. ನೀಲಿ ಟಾರ್ಪಾಲು ಹೊದಿಸಿ, ಅದರ ಮೇಲೆ ಸವೆದ ಟೈರುಗಳನ್ನು ಸಾಲಾಗಿ ಹೇರಲಾಗಿತ್ತು. ಹೊಸದಾಗಿ ಬಂದ ಟಿಪ್ಪರು ಚಾಲಕರು ಒಳಗೇನಿದೆ ಎಂದು ಕೇಳುವುದು, ಹಳಬರು ನಿಧಿ ಇದೆ ಎನ್ನುವುದು, ಗರಸಣ್ಣ ಒಂದಿಷ್ಟೂ ನಗದೆ “ಹೂಂ, ನಿಧೀನೇ” ಎನ್ನುವುದು, ಇದು ವರ್ಷಕ್ಕೆ ನಾಲ್ಕು ಸಲವಾದರೂ ನಡೆಯುತ್ತಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಒಳಗಿದ್ದದ್ದು ಅಕ್ಕನ ಹೊಲ.

ಆ ಎರಡು ಎಕರೆ ಅಕ್ಕನದು. ಭಾವ ಕೊಂಡಾಗ ಅದು ಹೊಲವಾಗಿರಲಿಲ್ಲ, ಕಲ್ಲಿನ ಹಾಸಾಗಿತ್ತು. ಅಕ್ಕ ಹದಿನೈದು ವರ್ಷ ಬಗ್ಗಿ ಬಗ್ಗಿ ಕಲ್ಲು ಆರಿಸಿದಳು. ಬುಟ್ಟಿ ತುಂಬಿದರೆ ಅಂಚಿಗೆ ಸುರಿಯುವುದು, ಮತ್ತೆ ಬಗ್ಗುವುದು. ಮನೆಯ ಕಸ, ಒಲೆಯ ಬೂದಿ, ಕೊಟ್ಟಿಗೆಯ ಗೊಬ್ಬರ ಎಲ್ಲವನ್ನೂ ತಿನ್ನಿಸಿ ತಿನ್ನಿಸಿ ಕೊನೆಗೆ ಒಂದು ಗೇಣು ಆಳದ ಕಪ್ಪು ಮಣ್ಣು ಮಾಡಿದಳು. ಬರಿಗಾಲಲ್ಲಿ ನಡೆದರೆ ಹೆಜ್ಜೆ ಹೂತುಹೋಗುವಂಥ ಮಣ್ಣು. ಅದರಲ್ಲಿ ಅವರೆ ಬಿತ್ತುತ್ತಿದ್ದಳು. ಭಾವ ತೀರಿಕೊಂಡ ವರ್ಷ ಬಾವಿ ತೋಡಿಸಲು ಹೋದಾಗ ಕೆಳಗೆಲ್ಲ ಒಳ್ಳೆ ಗರಸು ಸಿಕ್ಕಿತು. ಅದೇ ವರ್ಷ ಗರಸಣ್ಣ ದುಡಿಯುತ್ತಿದ್ದ ಇಟ್ಟಿಗೆ ಕಾರ್ಖಾನೆ ಬಾಗಿಲು ಹಾಕಿತು. ತಮ್ಮ ಬಂದು ಹೊಸ್ತಿಲಲ್ಲಿ ಕೂತು ನೆಲ ಕೆರೆಯುತ್ತಾ ಇದ್ದಾಗ ಅವನು ಬಾಯಿ ಬಿಡುವ ಮೊದಲೇ ಅಕ್ಕ ಹೇಳಿದ್ದಳು.

“ತಗೋ. ಗರಸು ನಿಂದು. ಆದ್ರೆ ಮೇಲಿನ ಮಣ್ಣು ನಂದು ಕಣೋ. ಕೆಲಸ ಮುಗಿದ ದಿನ ನಂಗೆ ನನ್ನ ಹೊಲ ವಾಪಸ್ ಬೇಕು.”

“ಒಂದು ಬೊಗಸೆ ಕಮ್ಮಿ ಆಗಲ್ಲ ಅಕ್ಕ” ಅಂದಿದ್ದ ಅವನು.

ಆ ಮಾತನ್ನು ಅವನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ, ಲೋಡರು ಬಂದ ಮೊದಲ ವಾರ ಒಂದು ಬಕೆಟ್ ಗರಸನ್ನೂ ತೆಗೆಯಲಿಲ್ಲ. ಕಪ್ಪು ಮಣ್ಣನ್ನು ಮಾತ್ರ ಕೆನೆ ತೆಗೆದ ಹಾಗೆ ತೆಗೆದು ಒಂದೇ ಕಡೆ ಪೇರಿಸಿದ. ಹರಡಿ ಹಾಕಿದರೆ ಜಾಗ ಹೋಗುತ್ತದೆ, ಮಳೆಗೆ ಕೊಚ್ಚುತ್ತದೆ ಎಂದು ಎತ್ತರಕ್ಕೆ ಹಾಕಿದ. ಸಡಿಲವಿದ್ದರೆ ಗಾಳಿ ಒಯ್ಯುತ್ತದೆಂದು ಬಕೆಟ್ಟಿನ ಬೆನ್ನಿನಿಂದ ತಟ್ಟಿ ತಟ್ಟಿ ಬಿಗಿ ಮಾಡಿದ. ಆಮೇಲೆ ಟಾರ್ಪಾಲು. ಅಂಗಡಿಯಲ್ಲಿ ಸಿಗುವ ತುಂಡುಗಳು ಅಷ್ಟು ದೊಡ್ಡ ಮೈಗೆ ಸಾಲವು. ಅಕ್ಕ ದರ್ಜಿ. ಕಿಟಕಿಯ ಕೆಳಗೆ ಅವಳ ಹೊಲಿಗೆ ಯಂತ್ರ, ಕಿಟಕಿಯಾಚೆ ಗುಂಡಿ. ಎರಡು ವರ್ಷಕ್ಕೊಮ್ಮೆ ಟಾರ್ಪಾಲು ಬಿಸಿಲಿಗೆ ಪುಡಿಯಾದಾಗ, ಅವಳೇ ದಪ್ಪ ಸೂಜಿ ಹಾಕಿ, ಹೊಸ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿದುಕೊಡುತ್ತಿದ್ದಳು. ಒಂದು ಹನಿ ಇಳಿಯದ ಹಾಗೆ ಎರಡೆರಡು ಹೊಲಿಗೆ. ಮನೆಯೆಲ್ಲ ನೀಲಿ ಹರಡಿ, ಕಾಲಿಡಲು ಜಾಗವಿಲ್ಲದೆ, ಅಳತೆ ಕೊಡಲು ಬಂದವರು ಬಾಗಿಲಲ್ಲೇ ನಿಂತು, ದೋಣಿಗೆ ಲಂಗ ಹೊಲಿಯುತ್ತಿದ್ದೀರಾ ಎಂದು ತಮಾಷೆ ಮಾಡುತ್ತಿದ್ದರು.

ಎಷ್ಟು ಬಿಗಿದರೂ ಟೈರುಗಳ ಸಂದಿಯಲ್ಲಿ, ಹರಿದ ತೂತಿನಲ್ಲಿ, ಅಲ್ಲೊಂದು ಇಲ್ಲೊಂದು ಹುಲ್ಲು ತಲೆ ಎತ್ತುತ್ತಿತ್ತು. ಗರಸಣ್ಣ ದಿನಾ ಬೆಳಿಗ್ಗೆ ಲೋಡರು ಹತ್ತುವ ಮೊದಲು ಗುಡ್ಡೆ ಸುತ್ತಿ ಅದನ್ನು ಬೇರು ಸಮೇತ ಕೀಳುತ್ತಿದ್ದ. ಕಳೆ ಬಿಟ್ಟರೆ ಅಕ್ಕನ ಮಣ್ಣಿನ ಸಾರ ತಿಂದುಬಿಡುತ್ತದೆ ಎಂದು ಅವನ ಲೆಕ್ಕ. ಮಗ ನಗುತ್ತಿದ್ದ. ಹೆಂಡತಿ ಇದ್ದಾಗ, ನನ್ನ ತಲೆಯಲ್ಲಿ ಹೇನಿದ್ದರೂ ಇವರು ಇಷ್ಟು ಶ್ರದ್ಧೆಯಿಂದ ಹುಡುಕಲಾರರು ಎಂದಿದ್ದಳು.

ಗರಸು ಮುಗಿಯಿತು. ಒಂದು ದಿನ ಬಕೆಟ್ಟಿಗೆ ಬರೀ ಜೇಡಿ ಸಿಕ್ಕಿತು, ಮರುದಿನವೂ ಅದೇ. ಅವನು ಲೋಡರು ನಿಲ್ಲಿಸಿ, ಎಂಜಿನ್ ಆರಿಸಿ, ಸೀಟಿನಲ್ಲೇ ಸ್ವಲ್ಪ ಹೊತ್ತು ಕೂತ. ಬೇಜಾರಾಗಬೇಕಿತ್ತು. ಆದರೆ ಅವನಿಗೆ ಮದುವೆ ಮನೆಯ ಸಡಗರ. ಕಚೇರಿಯಿಂದ ಪತ್ರ ಬಂದಾಗಲಂತೂ, ಗುಂಡಿಯನ್ನು ಮತ್ತೆ ನೆಲವಾಗಿ ಮಾಡುವ ಯೋಜನೆಯನ್ನು ತೊಂಬತ್ತು ದಿನದಲ್ಲಿ ಬರೆದುಕೊಡಬೇಕು ಎಂಬ ಆ ಎರಡು ಹಾಳೆಯನ್ನು ಅವನು ಬಹುಮಾನದ ಪತ್ರದ ಹಾಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ.

ಬರೆಯುವ ಕೆಲಸ ಸೊಸೆಯ ಪಾಲಿಗೆ ಬಂತು. ಅವಳ ಅಕ್ಷರ ದುಂಡಗೆ, ಅವಳ ಕೂಸಿಗೆ ಏಳು ತಿಂಗಳು. ಮಗ ದೂರದ ರಸ್ತೆ ಕಾಮಗಾರಿಯಲ್ಲಿ ಟಿಪ್ಪರು ಓಡಿಸುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಸೊಸೆ ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತಾ, ಗೆರೆ ಹಾಳೆಯ ಮೇಲೆ ಗುಂಡಿಯ ನಕ್ಷೆ ಹಾಕಿದಳು. ಗರಸಣ್ಣ ಹೇಳುತ್ತಾ ಹೋದ. ನಾಲ್ಕೂ ಕಡೆಯ ಕಡಿದಾದ ಗೋಡೆಗಳನ್ನು ಒಡೆದು ಇಳಿಜಾರು ಮಾಡುವುದು. ತಳವನ್ನು, ಉತ್ತ ಹೊಲಕ್ಕೆ ಹಲುಬೆ ಎಳೆದ ಹಾಗೆ, ಲೋಡರಿನ ಹಲ್ಲಿನಿಂದ ಕೆರೆದು ಸಡಿಲಿಸುವುದು, ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಅದರ ಮೇಲೆ ಗುಡ್ಡೆಯ ಮಣ್ಣು, ಒಂದು ಗೇಣು. ಮನೆ ಕಡೆಯಿಂದ ಕೆಳಗಿಳಿಯಲು ಒಂದು ದಾರಿ.

“ದಾರಿ ಎಷ್ಟು ಇಳಿಜಾರು ಮಾವ?” ಎಂದು ಸೊಸೆ ಕೇಳಿದಳು.

“ಅಕ್ಕನ ಮಂಡಿ ಎಷ್ಟು ತಡ್ಕೊಳ್ಳುತ್ತೋ ಅಷ್ಟು.”

ಅದನ್ನು ಹಾಳೆಯ ಮೇಲೆ ಹೇಗೆ ಬರೆಯುವುದು? ಮಾರನೆಯ ದಿನ ಗರಸಣ್ಣ ಅಂಗಳದಲ್ಲಿ ಒಂದು ಹಲಗೆಯನ್ನು ಇಟ್ಟಿಗೆಗಳ ಮೇಲೆ ಓರೆಯಾಗಿ ಇಟ್ಟು ಅಕ್ಕನನ್ನು ನಡೆಸಿದ. ಮೂರು ಇಟ್ಟಿಗೆಗೆ ಅವಳು ಗೋಡೆ ಹಿಡಿದಳು, ಎರಡಕ್ಕೂ ಮುಖ ಕಿವಿಚಿದಳು, ಒಂದಕ್ಕೆ ಸಲೀಸಾಗಿ ನಡೆದಳು. ಸೊಸೆ ಹಲಗೆಯ ಉದ್ದ ಅಳೆದು ಹತ್ತು ಅಡಿಗೆ ಒಂದು ಅಡಿ ಇಳಿತ ಎಂದು ಬರೆದುಕೊಂಡಳು. ಎಪ್ಪತ್ಮೂರು ವರ್ಷದವಳನ್ನು ಸರ್ಕಸ್ಸಿಗೆ ಸೇರಿಸುತ್ತಿದ್ದಾರೆ ಎಂದು ಅಕ್ಕ ಬೈದಳು. ಆದರೆ ಇಳಿದ ಮೇಲೆ ಇನ್ನೊಂದು ಸಲ ಹತ್ತಿ ನಡೆದಳು.

ನಕ್ಷೆ ನೋಡಿ ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಗೆರೆಗಳ ಮೇಲೆ ಗೆರೆ, ಇದರಲ್ಲಿ ನನ್ನ ಹೊಲ ಎಲ್ಲಿ ಎಂದಳು. ಆಗ ಗರಸಣ್ಣ ಕೂಸಿಗೆ ಸ್ನಾನ ಮಾಡಿಸುವ ಗುಲಾಬಿ ಬಣ್ಣದ ಟಬ್ಬನ್ನು ಎತ್ತಿಕೊಂಡು ಹೋಗಿ, ಒದ್ದೆ ಮರಳು ತುಂಬಿ, ಇಡೀ ಗುಂಡಿಯನ್ನು ಅದರಲ್ಲಿ ಕಟ್ಟಿದ. ಬೆಂಕಿಕಡ್ಡಿಯ ಬೇಲಿ. ಬಿಳಿ ದಾರದ ಇಳಿಜಾರು ದಾರಿ. ತಳದಲ್ಲಿ ಕಾಫಿ ಪುಡಿ ಉದುರಿಸಿದ ಕಪ್ಪು ಮಣ್ಣು. ಸೊಸೆ ಒಂದು ವಾರ ಕೂಸನ್ನು ಬಕೆಟ್ಟಿನಲ್ಲಿ ಕೂರಿಸಿ ಮೀಯಿಸಬೇಕಾಯಿತು. ಟಬ್ಬಿನ ತಳ ಗೀಚಿಹೋಯಿತೆಂದು ಅವಳಿಗೆ ಒಳಗೊಳಗೆ ಸಂಕಟವಾದರೂ, ಮಾವ ಮೊಣಕಾಲೂರಿ ಚಮಚದಿಂದ ಇಳಿಜಾರು ಸವರುವುದನ್ನು ಕಂಡು ಸುಮ್ಮನಾದಳು.

ಅಕ್ಕ ಸ್ಟೂಲು ಎಳೆದುಕೊಂಡು ಕೂತು ಎರಡು ಬೆರಳನ್ನು ದಾರದ ಮೇಲೆ ನಡೆಸಿದಳು. ಮೇಲಿಂದ ಕೆಳಕ್ಕೆ, ಮೆಲ್ಲಗೆ. ಅರ್ಧ ದಾರಿಯಲ್ಲಿ ಬೆರಳು ನಿಂತಿತು.

“ಇಲ್ಲೊಂದು ಕೂತ್ಕೊಳ್ಳೋಕೆ ಏನಾದ್ರೂ ಮಾಡು. ಹತ್ತೋವಾಗ ಬೇಕಾಗುತ್ತೆ.”

ಗರಸಣ್ಣ ಬೆಂಕಿಪೊಟ್ಟಣವನ್ನು ಅಲ್ಲಿ ಇಟ್ಟ. ಕೂಸು ತೆವಳಿಕೊಂಡು ಬಂದು ಮೊದಲು ಅದನ್ನೇ ಬಾಯಿಗೆ ಹಾಕಿಕೊಂಡಿತು. ಎಲ್ಲರೂ ನಕ್ಕರು. ಅಕ್ಕ ಸೆರಗಿನಿಂದ ಅದರ ಬಾಯಿ ಒರೆಸಿ, ಮನೆಗೆ ಹೋಗಿ, ಒಂದು ಬಿಸ್ಕತ್ತಿನ ಡಬ್ಬಿ ತಂದಳು. ಅದರಲ್ಲಿ ಅವರೆ ಬೀಜ. ಹೊಲ ಹೋದ ವರ್ಷ ಎತ್ತಿಟ್ಟ ಬೀಜವನ್ನು ಹಿತ್ತಲಿನ ಒಂದೇ ಒಂದು ಸಾಲಿನಲ್ಲಿ ವರ್ಷಾ ವರ್ಷಾ ಬಿತ್ತಿ, ವರ್ಷಾ ವರ್ಷಾ ಹೊಸದು ತೆಗೆದಿದ್ದಳು. ಬೀಜ ಮುದಿಯಾದರೆ ಹುಟ್ಟುವುದಿಲ್ಲ, ಅದಕ್ಕೆ. ಎರಡು ಎಕರೆಗೆ ಇದು ಸಾಲದು, ಮೊದಲ ವರ್ಷ ಮೂಲೆಯಲ್ಲಿ ಹಾಕಿ ಹೆಚ್ಚು ಮಾಡಿಕೊಳ್ಳುತ್ತೇನೆ ಎಂದಳು.

ಯೋಜನೆಯ ಜೊತೆ ಕಚೇರಿಗೆ ಕೊಡಬೇಕಾದ ಅರ್ಜಿಯ ಆರನೇ ಪುಟದಲ್ಲಿ ಒಂದು ಪ್ರಶ್ನೆಯಿತ್ತು. ಕೆಲಸ ಮುಗಿದ ಮೇಲೆ ಈ ನೆಲ ಏನಾಗಬೇಕು? ಸೊಸೆ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು, ತಿದ್ದಲು ಸುಲಭವೆಂದು. ಇದೊಂದನ್ನು ಮಾತ್ರ ಇಂಕಿನಲ್ಲಿ ಬರೆಯಬೇಕೆಂದು ಗರಸಣ್ಣ ಹಟ ಹಿಡಿದ. ಪೆನ್ನು ತಾನೇ ಇಸಿದುಕೊಂಡು, ಎರಡೇ ಅಕ್ಷರದ ಪದವನ್ನು ಇಡೀ ಸಾಲು ತುಂಬುವಷ್ಟು ದೊಡ್ಡದಾಗಿ ಬರೆದ. ಹೊಲ.

ಯೋಜನೆ ಒಪ್ಪಬೇಕಾದರೆ ಮಣ್ಣಿನ ಪರೀಕ್ಷೆಯಾಗಬೇಕಿತ್ತು. ಕಚೇರಿಯಿಂದ ಬಂದವಳು ಮೂವತ್ತು ಮೂವತ್ತೈದರ ಹೆಣ್ಣುಮಗಳು. ಮೊಣಕಾಲುದ್ದದ ಬೂಟು, ಹೆಗಲಲ್ಲಿ ಟೊಳ್ಳು ಕಬ್ಬಿಣದ ಸಲಾಕೆ. ಗರಸಣ್ಣ ಅವಳನ್ನು ಮಣ್ಣಿನ ಮೇಡಂ ಎಂದು ಕರೆದ, ಅವಳಿಗೂ ಅದು ಬೇಸರವಾಗಲಿಲ್ಲ. ಗುಂಡಿ ಸುತ್ತಿದಳು, ಇಳಿಜಾರಿನ ನಕ್ಷೆ ನೋಡಿದಳು, ಇಷ್ಟು ಅಚ್ಚುಕಟ್ಟಾಗಿ ದೊಡ್ಡ ಗುಂಡಿಗಳವರೂ ಮಾಡುವುದಿಲ್ಲ ಎಂದಳು. ಅವನು ಹಿಗ್ಗಿಹೋದ. ಇನ್ನು ನಿಧಿ ತೋರಿಸ್ತೀನಿ ಬನ್ನಿ ಎಂದು ಗುಡ್ಡೆಯ ಹತ್ತಿರ ಕರೆದುಕೊಂಡು ಹೋಗಿ, ಟೈರುಗಳನ್ನು ಉರುಳಿಸಿ, ಟಾರ್ಪಾಲಿನ ಮೂಲೆ ಎತ್ತಿದ. ಸೊಸೆ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಶೆಡ್ಡಿನ ನೆರಳಲ್ಲಿ ನಿಂತು ನೋಡುತ್ತಿದ್ದಳು.

ಮೇಡಂ ಸಲಾಕೆಯನ್ನು ಮಣ್ಣಿಗೆ ಊರಿ ತಿರುಗಿಸಿದಳು. ಅದು ಸುಲಭವಾಗಿ ಇಳಿಯಲಿಲ್ಲ. ಗರಸಣ್ಣ ಕೈಜೋಡಿಸಿದ. ಇಬ್ಬರೂ ಸೇರಿ ತೋಳುದ್ದ ಇಳಿಸಿ ಮೇಲಕ್ಕೆಳೆದಾಗ ಮೊದಲು ಬಂದದ್ದು ವಾಸನೆ. ನೆನೆದ ಬಟ್ಟೆಯನ್ನು ಮುಚ್ಚಳ ಹಾಕಿ ಮರೆತ ಬಕೆಟ್ಟಿನ ವಾಸನೆ, ಅದರ ಹಿಂದೆ ಕೊಳೆತ ಮೊಟ್ಟೆಯದು. ಕೊಳವೆಯಿಂದ ಜಾರಿದ ಮಣ್ಣು ಕಪ್ಪಾಗಿರಲಿಲ್ಲ. ಬೂದಿ ಬಣ್ಣಕ್ಕೆ ನೀಲಿ ಬೆರೆಸಿದ ಹಾಗೆ, ಸೋಪಿನ ಬಿಲ್ಲೆಯ ಹಾಗೆ ಜಿಗುಟಾಗಿ, ಮುರಿದರೆ ಹೊಳೆಯುತ್ತಿತ್ತು. ಮೇಡಂ ಇನ್ನೂ ನಾಲ್ಕು ಕಡೆ ತೆಗೆದಳು. ನಾಲ್ಕೂ ಕಡೆ ಅದೇ. ಎರೆಹುಳು ಹೋಗಲಿ, ಒಂದು ಬೇರಿನ ಎಳೆಯೂ ಇಲ್ಲ.

“ಎಷ್ಟು ವರ್ಷದಿಂದ ಮುಚ್ಚಿದೀರಿ?”

“ಮೊದಲಿಂದಾನೂ. ಒಂದು ಮಳೆಗೂ ಬಿಟ್ಟಿಲ್ಲ ಮೇಡಂ.”

ಆಕೆ ಸಲಾಕೆ ಕೆಳಗಿಟ್ಟಳು. ಟೈರಿನ ಮೇಲೆ ಕೂತು ಕೈ ಒರೆಸಿಕೊಂಡಳು. ಆಮೇಲೆ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ಮಣ್ಣಿಗೂ ಉಸಿರು ಬೇಕು. ಆಳೆತ್ತರ ಮೀರಿ ಪೇರಿಸಬಾರದು, ಒತ್ತಬಾರದು, ಮುಚ್ಚಲಂತೂ ಬಾರದು. ಮೇಲೆ ಹುಲ್ಲು ಬೆಳೆಸಿ ಬಿಡಬೇಕು, ಬೇರು ಇದ್ದರೆ ಒಳಗಿನ ಜೀವ ಉಳಿಯುತ್ತದೆ. ಗುಂಡಿಗೆ ಪರವಾನಗಿ ಕೊಟ್ಟಾಗ ಒಂದು ಪುಸ್ತಿಕೆ ಕೊಟ್ಟಿರಬೇಕಲ್ಲ, ಅದರಲ್ಲಿ ಇದೆಲ್ಲ ಇದೆ ಎಂದಳು.

ಗರಸಣ್ಣ ಮಣ್ಣಿನ ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದ. “ಕಳೆ ಕಿತ್ತಿದೀನಿ” ಎಂದ. “ದಿನಾ ಕಿತ್ತಿದೀನಿ.”

“ಗೊತ್ತಾಗುತ್ತೆ” ಎಂದಳು ಮೇಡಂ.

ಏನಾದರೂ ಮಾಡಲು ಬರುತ್ತದೆಯೇ ಎಂದು ಕೇಳಿದ್ದು ಸೊಸೆ. ಬರುತ್ತದೆ, ತೆಳ್ಳಗೆ ಹರಡಿ, ಗೊಬ್ಬರ ಬೆರೆಸಿ, ಹುಲ್ಲು ಬಿತ್ತಿ, ಕುಯ್ಯದೆ ಅಲ್ಲೇ ಕೊಳೆಯಲು ಬಿಟ್ಟು ಕಾಯಬೇಕು. ಏಳೆಂಟು ವರ್ಷ, ಅದೃಷ್ಟವಿದ್ದರೆ. ಈಗಂತೂ ಯೋಜನೆಯಲ್ಲಿ ಹೊಲ ಎಂದು ಬರೆದರೆ ಕಚೇರಿ ಒಪ್ಪುವುದಿಲ್ಲ. ಇಳಿಜಾರಿಗೆ ಹುಲ್ಲು, ತಳಕ್ಕೆ ನೀರಿನ ಹೊಂಡ, ಹೀಗೆ ಬರೆದುಕೊಡಿ. ತಿದ್ದುಪಡಿಯ ಪಕ್ಕದಲ್ಲಿ ಜಮೀನು ಯಾರ ಹೆಸರಿನಲ್ಲಿದೆಯೋ ಅವರ ಸಹಿ ಬೇಕು. ಮೂರು ವಾರ ಸಮಯವಿದೆ.

ಮೇಡಂ ಹೋದ ಮೇಲೆ ಗರಸಣ್ಣ ಟಾರ್ಪಾಲನ್ನು ಮತ್ತೆ ಎಳೆದು ಮುಚ್ಚಿದ. ಮುಚ್ಚಿದ ಮೇಲೆ ತಾನೇನು ಮಾಡಿದೆ ಎಂದು ಅವನಿಗೆ ಹೊಳೆಯಿತು. ಆದರೂ ತೆಗೆಯಲಿಲ್ಲ. ಅಕ್ಕನ ಕಿಟಕಿಗೆ ಅದು ಕಾಣುತ್ತಿತ್ತು.

ಪುಸ್ತಿಕೆ ಸಿಕ್ಕಿತು. ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ಪರವಾನಗಿ ಪತ್ರದ ಜೊತೆ, ನೆನೆಯದಿರಲೆಂದು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಟ್ಟಿದ್ದ. ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಪರವಾನಗಿಯನ್ನು ಹತ್ತು ಸಲ ಓದಿದ್ದ. ಪುಸ್ತಿಕೆಯನ್ನು ಮಾತ್ರ ಕಾಪಾಡಿಡಬೇಕಾದ ಕಾಗದ ಎಂದುಕೊಂಡಿದ್ದ, ಓದಬೇಕಾದ ಕಾಗದ ಎಂದುಕೊಂಡಿರಲಿಲ್ಲ. ಹನ್ನೊಂದನೇ ಪುಟವನ್ನು ಸೊಸೆ ಓದಿ ಹೇಳಿದಳು. ನಾಲ್ಕೇ ಸಾಲು. ಮೂರನೇ ಸಾಲಿಗೆ ಅವನು ಸಾಕು ಎಂದ.

ಅಕ್ಕನಿಗೆ ಹೇಳಬೇಕಾದ ಮಾತನ್ನು ಅವನು ದಿನಾ ನಾಳೆಗೆ ನೂಕಿದ. ಅವಳು ಬಂದು, ಮೇಡಂ ಏನಂದಳು ಎಂದು ಕೇಳಿದಾಗ ಪರೀಕ್ಷೆಗೆ ಒಯ್ದಿದ್ದಾರೆ, ಸಮಯ ಹಿಡಿಯುತ್ತದೆ ಎಂದ. ಇಡೀ ಬದುಕಿನಲ್ಲಿ ಅಕ್ಕನಿಗೆ ಹೇಳಿದ ಮೊದಲ ಸುಳ್ಳು. ಅವನಿಗೆ ಒಂದು ಕುರುಡು ಆಸೆ. ಸಲಾಕೆ ಏನು ಬಲ್ಲದು, ಬೀಜವನ್ನೇ ಕೇಳಿದರಾಯಿತು. ಅಕ್ಕ ಬಿಟ್ಟುಹೋಗಿದ್ದ ಬಿಸ್ಕತ್ತಿನ ಡಬ್ಬಿಯಿಂದ ಹನ್ನೆರಡು ಅವರೆ ಬೀಜ ತೆಗೆದು, ಕೂಸಿನ ಹಾಲಿನ ಪುಡಿಯ ಖಾಲಿ ಡಬ್ಬಿಗಳಲ್ಲಿ ಗುಡ್ಡೆಯ ಮಣ್ಣು ಪುಡಿ ಮಾಡಿ ತುಂಬಿ, ಬಿತ್ತಿ, ಅಡುಗೆಮನೆ ಕಿಟಕಿಯ ಕಟ್ಟೆಯ ಮೇಲಿಟ್ಟ. ಸೊಸೆ ಇನ್ನೊಂದು ಡಬ್ಬಿಗೆ ಹಿತ್ತಲಿನ ಮಣ್ಣು ತುಂಬಿ ಎರಡು ಬೀಜ ಹಾಕಿ ಪಕ್ಕದಲ್ಲಿಟ್ಟಳು. ಇದು ಯಾಕೆ ಎಂದು ಅವನು ಕೇಳಲಿಲ್ಲ.

ಆ ದಿನಗಳಲ್ಲಿ ಗರಸಣ್ಣ ಊಟಕ್ಕೆ ಕೂತರೂ ಕಣ್ಣು ಕಿಟಕಿಯ ಕಡೆಗೇ. ಹಗಲು ನಾಲ್ಕು ಸಲ ಬೆರಳಲ್ಲಿ ಮಣ್ಣು ಮುಟ್ಟಿ ನೋಡುವುದು, ಹನಿ ಹನಿ ನೀರು. ಸೊಸೆಯ ಡಬ್ಬಿಯಲ್ಲಿ ಐದನೇ ದಿನ ಎರಡೂ ಬೀಜ ಬೆನ್ನು ಬಗ್ಗಿಸಿ ಮೇಲೆದ್ದವು. ಅವನ ಡಬ್ಬಿಗಳಲ್ಲಿ ಒಂಬತ್ತನೇ ದಿನ ಮೂರು ಬಂದವು. ಅವನು ಸೊಸೆಯನ್ನು ಕೂಗಿ ಕರೆದ, ಹುಟ್ಟಿವೆ ನೋಡಮ್ಮ ಎಂದ. ಅವಳು ನೋಡಿದಳು. ಅರಿಸಿನ ಬಳಿದಂಥ ಹಳದಿ, ಎಲೆ ಬಿಡಿಸಿಕೊಳ್ಳುವ ಮೊದಲೇ ಅಂಚು ಕಂದು. ಹನ್ನೊಂದನೇ ದಿನ ಮೂರೂ ಮಗುಚಿಕೊಂಡವು. ಕಿತ್ತು ನೋಡಿದರೆ ಬೇರು ಒಂದಂಗುಲ ಇಳಿದು, ಮುಂದೆ ಹೋಗಲು ಮನಸ್ಸಿಲ್ಲದಂತೆ ಮೇಲಕ್ಕೆ ತಿರುಗಿತ್ತು. ಉಳಿದ ಒಂಬತ್ತು ಬೀಜ ಮಣ್ಣೊಳಗೆ ಕರಗಿ ಲೋಳೆಯಾಗಿದ್ದವು.

ಅವನು ಡಬ್ಬಿಗಳನ್ನು ಬಿಸಾಡಲು ಎತ್ತಿಕೊಳ್ಳುವಾಗ ಹಿಂದೆ ಚಪ್ಪಲಿಯ ಸದ್ದು. ಅಕ್ಕ ಬಂದು ನಿಂತಿದ್ದಳು. ಕೂಸಿಗೆ ಹೊಲಿದ ಅಂಗಿ ಕೊಡಲು ಬಂದವಳು. ಡಬ್ಬಿಗಳನ್ನು ನೋಡಿದಳು. ಸೊಸೆಯ ಡಬ್ಬಿಯ ಹಸಿರು ಸಸಿಗಳನ್ನೂ ನೋಡಿದಳು. ಅವಳ ಬೀಜ, ಅವಳಿಗೆ ಗುರುತು ಸಿಗದೆ ಇರುತ್ತದೆಯೇ?

“ಯಾವ ಮಣ್ಣು ಇದು?”

ಅಕ್ಕ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದಳು. ಹದಿನೈದು ವರ್ಷ ತನ್ನ ಕೈಯಿಂದ ಮಾಡಿದ ಮಣ್ಣು.

“ಇದು ನಂದಲ್ಲ” ಎಂದಳು.

“ನಿಂದೇ ಅಕ್ಕ.” ಅವನು ನೆಲದ ಮೇಲೆ ಕೂತುಬಿಟ್ಟ. “ನಾನೇ ಸಾಯಿಸಿದೆ. ಮುಚ್ಚಿ ಮುಚ್ಚಿ ಸಾಯಿಸಿದೆ. ಪುಸ್ತಕದಲ್ಲಿ ಬರೆದಿತ್ತಂತೆ, ನಾನು ಓದಲಿಲ್ಲ.”

ಉಳಿದದ್ದನ್ನು ಸೊಸೆ ಹೇಳಿದಳು, ಒಂದನ್ನೂ ಬಿಡದೆ, ಮೇಡಂ ಹೇಳಿದ ಹಾಗೆಯೇ. ಅಕ್ಕ ಸ್ಟೂಲಿನ ಮೇಲೆ ಕೂತು ಕೇಳಿದಳು. ಮಧ್ಯೆ ಒಂದೇ ಸಲ ಮಾತಾಡಿದಳು, ಏಳೆಂಟು ವರ್ಷ ಎಂದಾಗ. ಏಳೋ ಎಂಟೋ ಎಂದು ಕೇಳಿದಳು. ಎಂಟು ಎಂದೇ ಇಟ್ಟುಕೊಳ್ಳಿ ಅತ್ತೆ ಎಂದಳು ಸೊಸೆ. ಅಕ್ಕ ತಲೆಯಾಡಿಸಿ, ತನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡಳು. ಆಗ ಅವಳಿಗೆ ಎಂಬತ್ತೊಂದು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಅವಳು ಬೈಯಲಿ ಎಂದು ಗರಸಣ್ಣ ಕಾದ. ಚಿಕ್ಕಂದಿನಲ್ಲಿ ಹಾಲಿನ ಪಾತ್ರೆ ಉರುಳಿಸಿದಾಗ ಕಿವಿ ಹಿಂಡಿದವಳು, ಹಾಗೆಯೇ ಈಗಲೂ ಹಿಂಡಿದರೆ ಅವನು ತಡೆದುಕೊಳ್ಳಬಲ್ಲವನಾಗಿದ್ದ. ಅವಳು ಅವನನ್ನು ನೋಡಲೇ ಇಲ್ಲ. ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದಳು, ದಪ್ಪ ಸೂಜಿ ತಾಗಿ ತಾಗಿ ಗಂಟಾದ ಜಾಗವನ್ನು.

“ಹೊಲಿದುಕೊಟ್ಟೋಳು ನಾನೇ ಅಲ್ವಾ” ಎಂದಳು. “ಎರಡೆರಡು ಹೊಲಿಗೆ ಹಾಕಿದ್ದೆ.”

ಗರಸಣ್ಣ ಮುಖ ಮುಚ್ಚಿಕೊಂಡ. ಅವಳು ಬೈದಿದ್ದರೆ ಅಳುತ್ತಿರಲಿಲ್ಲವೇನೋ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕನೇ ಅರ್ಜಿ ತರಲು ಹೇಳಿದಳು. ಸೊಸೆ ಆರನೇ ಪುಟ ತೆರೆದು ಮುಂದಿಟ್ಟಳು. ಸಾಲು ತುಂಬ ಇಂಕಿನ ದೊಡ್ಡ ಅಕ್ಷರ. ಅಳಿಸಲು ಬರುವಂತಿರಲಿಲ್ಲ. ಅಡ್ಡ ಗೆರೆ ಎಳೆಯಬೇಕಿತ್ತು. ಗರಸಣ್ಣ ಪೆನ್ನು ಎತ್ತಿ ಮತ್ತೆ ಕೆಳಗಿಟ್ಟ. ಸೊಸೆಯ ಕೈಯಲ್ಲಿ ಕೂಸಿತ್ತು. ಕೊನೆಗೆ ಅಕ್ಕನೇ, ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕುವ ಹಾಗೆ, ಒಂದೇ ಎಳೆತಕ್ಕೆ ನೆಟ್ಟಗೆ ಗೆರೆ ಎಳೆದಳು. ಮೇಲೆ ಏನು ಬರೆಯಬೇಕು ಎಂದು ಕೇಳಿ, ಹೇಳಿದ್ದನ್ನು ಅಕ್ಷರ ಅಕ್ಷರ ಕೂಡಿಸಿ ಬರೆದಳು. ಹುಲ್ಲು, ನೀರು. ಪಕ್ಕದಲ್ಲಿ ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿದಳು.

“ಆ ದಾರಿ ಬೇಡ ಇನ್ನ” ಎಂದಳು. “ನೀರು ನೋಡೋಕೆ ಯಾರು ಇಳೀತಾರೆ.”

ಹೋಗುವ ಮೊದಲು, ಅಲ್ಲೇ ಇದ್ದ ಅವರೆಯ ಡಬ್ಬಿಯನ್ನು ಎತ್ತಿ ಸೊಸೆಯ ಕೈಗಿಟ್ಟು, ನಾಳೆ ಬೇಯಿಸಿಬಿಡು ಎಂದಳು. ಸೊಸೆ ಒಂದು ಹಿಡಿಯಾದರೂ ಎತ್ತಿಡೋಣ ಅತ್ತೆ, ಹಿತ್ತಲಿಗಾಗುತ್ತದೆ ಎಂದಳು. ಅಕ್ಕ ಡಬ್ಬಿಯನ್ನು ವಾಪಸು ಇಸಿದುಕೊಂಡು, ತಾನೇ ಪಾತ್ರೆಗೆ ಬೋರಲು ಹಾಕಿ, ತಳ ತಟ್ಟಿ, ನೀರು ಹೊಯ್ದು ನೆನೆಸಿಟ್ಟು ಹೋದಳು. ಹತ್ತೊಂಬತ್ತು ವರ್ಷ ಬಗ್ಗಿ ಒಂದೇ ಸಾಲನ್ನು ಕಾಪಾಡಿದ ಬೆನ್ನು ಇನ್ನು ಯಾಕೆ ಬಗ್ಗಬೇಕು ಎಂಬ ಹಾಗೆ. ಮರುದಿನ ಮೂವರೂ ಅದನ್ನು ಉಂಡರು. ಬೇಗ ಬೆಂದಿತು, ರುಚಿಯಾಗಿತ್ತು. ಗರಸಣ್ಣ ಒಂದೊಂದೇ ಕಾಳನ್ನು ಹೆಕ್ಕಿ ಹೆಕ್ಕಿ ತಿಂದ. ಅಕ್ಕ ಮಾತ್ರ ಎರಡನೇ ಸಲ ಬಡಿಸಿಕೊಂಡು, ತಟ್ಟೆಯನ್ನು ಒರೆಸಿದ ಹಾಗೆ ಉಂಡಳು.

ಕಚೇರಿಯವರು ಯೋಜನೆ ಒಪ್ಪಿದರು. ಗರಸಣ್ಣ ಟಾರ್ಪಾಲು ತೆಗೆದ. ಎಳೆದು ಮಡಚುವಾಗ ಅಕ್ಕನ ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ, ಬಟ್ಟೆ ಹರಿದಿತ್ತೇ ಹೊರತು ಹೊಲಿಗೆ ಹರಿದಿರಲಿಲ್ಲ. ಇಳಿಜಾರುಗಳನ್ನು ಬರೆದುಕೊಟ್ಟ ಅಳತೆಗೆ ಒಂದು ಅಂಗುಲ ತಪ್ಪದಂತೆ ಮಾಡಿ ಮುಗಿಸಿದ. ಗುಡ್ಡೆಯನ್ನು ಒಡೆದು ಅವುಗಳ ಮೇಲೆ ತೆಳ್ಳಗೆ ಹರಡಿದ, ಮೇಡಂ ಹೇಳಿದ ಗೊಬ್ಬರ, ಮೇಡಂ ಹೇಳಿದ ಹುಲ್ಲಿನ ಬೀಜ. ತಳದ ಮೂಲೆಯಲ್ಲಿ ನೀರು ಸೇರತೊಡಗಿತು, ಚಹದ ಬಣ್ಣದ್ದು. ಟಬ್ಬನ್ನು ಸೊಸೆ ಉಜ್ಜಿ ಉಜ್ಜಿ ತೊಳೆದಳು. ಗೀಚು ಹೋಗಲಿಲ್ಲ, ಕೂಸಿಗೆ ಚುಚ್ಚದಿರಲೆಂದು ತಳಕ್ಕೆ ಒಂದು ಬಟ್ಟೆ ಹಾಸಿ ಮೀಯಿಸುತ್ತಾಳೆ. ಅಕ್ಕ ಹೊಲಿಗೆ ಯಂತ್ರವನ್ನು ಕಿಟಕಿಯಿಂದ ತೆಗೆಸಿ ಒಳಗೋಡೆಗೆ ಹಾಕಿಸಿಕೊಂಡಿದ್ದಾಳೆ. ಅಲ್ಲಿ ಬೆಳಕು ಸಾಲದು. ಕಣ್ಣು ಹಾಳಾಗುತ್ತದೆ ಎಂದು ಸೊಸೆ ಹೇಳಿ ಸಾಕಾಗಿದ್ದಾಳೆ.

ಮಳೆ ಎರಡು ಸಲ ಬಂದು ಹೋಯಿತು. ಗರಸಣ್ಣ ಈಗಲೂ ಬೆಳಿಗ್ಗೆ ಎದ್ದು ಹೋಗುತ್ತಾನೆ, ಲೋಡರಿಲ್ಲದಿದ್ದರೂ. ಇಳಿಜಾರಿನ ಮೇಲೆ ಬಗ್ಗಿ ಬಗ್ಗಿ ನಡೆಯುತ್ತಾನೆ, ಇಲ್ಲಿ ಕೂತು ನೋಡುತ್ತಾನೆ, ಅಲ್ಲಿ ಕೂತು ನೋಡುತ್ತಾನೆ. ಹೊಸದಾಗಿ ನೋಡಿದವರಿಗೆ ಏನೋ ಕಳಕೊಂಡಿದ್ದಾನೆ ಎನಿಸುತ್ತದೆ. ಏನು ಹುಡುಕುತ್ತಿದ್ದೀರಿ ಎಂದು ಸೊಸೆ ಒಂದು ದಿನ ಕೂಸನ್ನೆತ್ತಿಕೊಂಡು ಅಂಚಿನಲ್ಲಿ ನಿಂತು ಕೇಳಿದಳು.

“ಕಳೆ ಕಣಮ್ಮ” ಎಂದ ಅವನು ತಲೆ ಎತ್ತದೆ. “ಬಿತ್ತಿದ್ದು ಬರದಿದ್ರೆ ಹೋಗಲಿ. ಒಂದು ಕಳೆನಾದ್ರೂ ಬಂದಿದೆಯಾ ಅಂತ.”

ಆ ದಿನ ಬಂದಿರಲಿಲ್ಲ. ಅವನು ಕೈಗಂಟಿದ ಬೂದಿ ಮಣ್ಣನ್ನು ಪಂಚೆಗೆ ಒರೆಸಿಕೊಂಡು, ಮುಂದಿನ ಸಾಲಿಗೆ ಹೋಗಿ ಮತ್ತೆ ಕುಕ್ಕರುಗಾಲಲ್ಲಿ ಕೂತ.